ರೇಡಿಯೋಗೆ ಸೋಮವಾರದ ಬಿಡುವು

ನಮ್ಮ ನೆಂಟರಲ್ಲಿ ಒಂದು ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಯಾರ ಮನೆಯಲ್ಲಾದರೂ ಗ್ಯಾರಂಟಿ ಮುಗಿದ ಹೊಸದರಲ್ಲಿಯೇ ಮಿಕ್ಸಿಯೋ ಟಿವಿಯೋ ಕೆಟ್ಟು ಕುಳಿತಿತೆಂದರೆ, ಅಲ್ಲಿದ್ದವರಲ್ಲಿ ಒಬ್ಬರು ತಪ್ಪದೆ ಹೇಳುತ್ತಾರೆ: ಕೊಟ್ಟೂರಿನ ಅತ್ತೆ ತಮ್ಮ ರೇಡಿಯೋಗೆ ಸೋಮವಾರ ಸೋಮವಾರ ಬಿಡುವು ಕೊಡುತ್ತಿದ್ದರು, ಎತ್ತಿಗೆ ಕೊಟ್ಟ ಹಾಗೆ ಕೊಟ್ಟರು, ಅದು ಎತ್ತಿನ ಹಾಗೆಯೇ ದುಡಿಯಿತು. ಕೇಳಿದವರು ತಲೆದೂಗುತ್ತಾರೆ. ಈಚೆಗೆ ಒಂದು ಮದುವೆಯ ಚಪ್ಪರದಲ್ಲಿ, ನಾನು ಪಕ್ಕದಲ್ಲಿಯೇ ಕುಳಿತಿರುವಾಗ, ಈ ಕಥೆಯನ್ನು ನನಗೇ ಒಬ್ಬರು ಹೇಳಿದರು. ಹೇಳಿದವರು ಆಗ ಆ ಮನೆಯಲ್ಲಿ ಇರಲಿಲ್ಲ. ನಾನಿದ್ದೆ. ಇದ್ದವನಿಗೆ ಆ ಕಥೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಆದ್ದರಿಂದ ನಾನು ಕಂಡಷ್ಟನ್ನು, ಕಾಣದೆ ಊಹಿಸಿದ್ದನ್ನು ಬೇರೆಯಾಗಿಟ್ಟು, ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕೊಟ್ಟೂರಿನಲ್ಲಿ ನಮ್ಮದು ಬೀದಿಗೆ ಕಿರಾಣಿ ಅಂಗಡಿ, ಹಿಂದೆ ಮನೆ. ಮಣ್ಣಿನ ಮಾಳಿಗೆ, ನಡುವೆ ಕಂಬಗಳ ಪಡಸಾಲೆ. ಯಜಮಾನಿಕೆ ಅಣ್ಣನದು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ತಕ್ಕಡಿಯ ಹಿಂದೆ ನಿಂತವನು. ಮುಂದಿನ ಓದೆಲ್ಲ ಪೊಟ್ಟಣ ಕಟ್ಟಲು ತರುತ್ತಿದ್ದ ಹಳೆಯ ಪತ್ರಿಕೆ, ಪಠ್ಯಪುಸ್ತಕಗಳ ರದ್ದಿಯಲ್ಲಿಯೇ ಆಯಿತು. ಹಾಗೆ ಓದಿದವನಿಗೆ ಒಂದು ತೊಂದರೆಯುಂಟು. ಯಾವ ಪಾಠದ ಮೊದಲ ಪುಟವೂ ಸಿಕ್ಕುವುದಿಲ್ಲ, ಕೊನೆಯ ಪುಟವೂ ಸಿಕ್ಕುವುದಿಲ್ಲ. ನಡುವೆ ಹೇಳಿದ್ದನ್ನು ನಂಬಬೇಕೋ ಬೇಡವೋ ಎಂಬುದನ್ನು ತಾನೇ ನಿಶ್ಚಯಿಸಿಕೊಳ್ಳಬೇಕು.

ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಅವಳನ್ನು ಹಡಗಲಿ ಸೀಮೆಯ ಹೊಳಲಿಗೆ ಕೊಟ್ಟಿತ್ತು. ಗಂಡ ಹೋದ ಮೇಲೆಯೂ ಬಹಳ ವರ್ಷ ತಾನೇ ನಿಂತು ಒಕ್ಕಲುತನ ಮಾಡಿಸಿದಳು. ಮೊಣಕಾಲು ಕೈಕೊಟ್ಟಾಗ ಹೊಲವನ್ನು ಪಾಲಿಗೆ ಕೊಟ್ಟು, ಜೋಡೆತ್ತು ಮಾರಿ, ತೌರಿಗೆ ಬಂದಳು. ಬರುವಾಗ ಹೊಸಪೇಟೆಗೆ ಸುತ್ತುಹಾಕಿಕೊಂಡು ಹೋಗಿ, ಎತ್ತು ಮಾರಿದ ಹಣದಲ್ಲಿ ಒಂದು ರೇಡಿಯೋ ಕೊಂಡಳು. ಕಟ್ಟಿಗೆಯ ಪೆಟ್ಟಿಗೆ, ಒಳಗೆ ಗಾಜಿನ ವಾಲ್ವುಗಳು, ಹಣೆಯ ಮೇಲೆ ಒಂದು ಹಸಿರು ಕಣ್ಣು. ನಿಲಯ ಸರಿಯಾಗಿ ಹತ್ತಿದರೆ ಆ ಕಣ್ಣು ಕೂಡಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳಂತೆ. ಬಾಗಿಲಲ್ಲಿ ಇಳಿದಾಗ ಅಣ್ಣ, ಎತ್ತು ಎಲ್ಲಿ ಎಂದು ಕೇಳಿದ. ಇಲ್ಲಿ ಅದಾವ, ಎಂದು ಪೆಟ್ಟಿಗೆಯನ್ನು ತಟ್ಟಿದಳು.

ಅತ್ತೆಯ ಹಿಂದಿನ ದಿನಗಳನ್ನು ತಿಳಿಯದವರಿಗೆ ಆ ಪೆಟ್ಟಿಗೆ ಅವಳಿಗೆ ಏನಾಗಿತ್ತೆಂಬುದು ತಿಳಿಯದು. ಹೊಳಲಿನ ಸುತ್ತಿನ ಊರುಗಳಲ್ಲಿ ಮದುವೆಯೆಂದರೆ ಸೋಬಾನೆಗೆ ಅವಳನ್ನು ಕರೆಯುತ್ತಿದ್ದರು. ಬೀಸುವ ಪದ, ತೊಟ್ಟಿಲ ಪದ, ಬೀಗಿತಿಯರನ್ನು ಹಾಸ್ಯ ಮಾಡುವ ಪದ, ಎಲ್ಲ ಅವಳ ಬಾಯಲ್ಲಿದ್ದವು. ಕಾಲು ನಿಂತಿತು, ಕರೆಯೂ ನಿಂತಿತು. ಕೊಟ್ಟೂರಿನಲ್ಲಿ ಅವಳನ್ನು ಬಲ್ಲವರಿರಲಿಲ್ಲ. ಅವಳು ಹೊಸ್ತಿಲು ದಾಟಿ ಹೋಗಿ ಯಾರನ್ನೂ ಬಲ್ಲವಳಾಗುವಂತಿರಲಿಲ್ಲ. ರೇಡಿಯೋ ಬಂದ ಮೇಲೆ ಓಣಿಯ ಹೆಂಗಸರು ಮಧ್ಯಾಹ್ನದ ಜನಪದ ಗೀತೆಯ ಹೊತ್ತಿಗೆ ಮೊರ, ಜೋಳದ ಪುಟ್ಟಿ, ಬತ್ತಿಯ ಹತ್ತಿ ಹಿಡಿದುಕೊಂಡು ಪಡಸಾಲೆಗೆ ಬರತೊಡಗಿದರು. ಅತ್ತೆ ಕಂಬಕ್ಕೆ ಒರಗಿ ಕುಳಿತು ರೇಡಿಯೋದೊಂದಿಗೆ ಜಗಳವಾಡುವಳು. ಹಾಡುವವಳು ಒಂದು ನುಡಿ ಬಿಟ್ಟರೆ, ‘ನಡುವಿನ ನುಡಿ ನುಂಗಿದಳು ನೋಡು, ಅವಸರ ಏನಿತ್ತವ್ವಾ ನಿನಗ?’ ಎನ್ನುವಳು. ಹೆಂಗಸರು ನಗುವರು. ಆ ನಗೆಗಾಗಿ ಅವಳು ಬೆಳಗಿನಿಂದ ಕಾಯುತ್ತಿದ್ದಳೆಂದು ನನಗೆ ತೋರುತ್ತಿತ್ತು.

ಅಣ್ಣನಿಗೆ ಇದು ಹಿಡಿಸಿರಲಿಲ್ಲ. ಮನೆಯಲ್ಲಿ ಹಿಂದೆ ಒಂದು ಗೋಡೆ ಗಡಿಯಾರವಿತ್ತು. ಅದು ಪ್ರತಿ ಹಬ್ಬಕ್ಕೂ ಕೆಟ್ಟು, ಪ್ರತಿ ಹಬ್ಬಕ್ಕೂ ರಿಪೇರಿಯಾಗಿ, ಕೊನೆಗೆ ತವರದ ಡಬ್ಬಿಯೊಳಗೆ ತುಂಡು ತುಂಡಾಗಿ ಸೇರಿತ್ತು. ಆದ್ದರಿಂದ ರೇಡಿಯೋ ಬಂದ ದಿನವೇ ಅವನು ಗ್ಯಾರಂಟಿಯ ಕಾಗದವನ್ನು ಓದಿಸಿಕೊಂಡು, ಎಲ್ಲರೆದುರು ತೀರ್ಪು ಕೊಟ್ಟ. ‘ಒಂದು ವರ್ಷ ಕಂಪನಿ ನೋಡ್ಕೊಂತೈತಿ. ವರ್ಷ ಆದ ಮ್ಯಾಲ ಕೆಟ್ರ ಸೀದಾ ಅಟ್ಟಕ್ಕ. ರಿಪೇರಿ ಅಂತ ಯಾರೂ ಬಾಯಿ ತಗೀಬಾರ್ದು.’ ಅಣ್ಣ ಮಾತು ಕೊಟ್ಟರೆ ಹಿಂದೆಗೆಯುವವನಲ್ಲ. ಅತ್ತೆಗೂ ಅದು ಗೊತ್ತಿತ್ತು, ಏಕೆಂದರೆ ಆ ಗುಣ ಇಬ್ಬರಿಗೂ ಒಂದೇ ಮೂಲದಿಂದ ಬಂದದ್ದು.

ವರ್ಷ ಕಳೆಯಿತು. ರೇಡಿಯೋ ಏನೂ ಆಗದೆ ಹಾಡುತ್ತಲೇ ಇತ್ತು. ಆದರೆ ಎದುರು ಮನೆಯ ಮಂಡಕ್ಕಿ ಭಟ್ಟಿಯವರು ಅದೇ ತಿಂಗಳು, ಅದೇ ಅಂಗಡಿಯಲ್ಲಿ, ಅದೇ ಗುರುತಿನ ರೇಡಿಯೋ ತಂದಿದ್ದರು. ಅದು ಗ್ಯಾರಂಟಿ ಮುಗಿದ ಕೆಲವೇ ವಾರಗಳಲ್ಲಿ ಸುಟ್ಟ ವಾಸನೆ ಬಿಟ್ಟು ಮೌನವಾಯಿತು. ಅಣ್ಣ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಬಂದ ಗಿರಾಕಿಗಳಿಗೆಲ್ಲ ವಿವರಿಸಿದ: ಕಂಪನಿಯವರು ಒಳಗೆ ಒಂದು ಸಾಮಾನನ್ನು ವರ್ಷಕ್ಕೆ ಲೆಕ್ಕ ಹಾಕಿಯೇ ಕೂಡಿಸಿರುತ್ತಾರೆ. ಎಲ್ಲರೂ ಹೌದು ಹೌದು ಎಂದರು. ಈ ‘ಹೌದು ಹೌದು’ ನನಗೆ ಅಂದೂ ಕಿರಿಕಿರಿ, ಇಂದೂ ಕಿರಿಕಿರಿ. ವರ್ಷಕ್ಕೆ ಸರಿಯಾಗಿ ಸಾಯುವ ಸಾಮಾನು ಮಾಡಬಲ್ಲವನು ಅದಕ್ಕಿಂತ ದೊಡ್ಡ ವಿದ್ಯೆಗಳನ್ನು ಬಲ್ಲವನಾಗಿರಬೇಕಲ್ಲ?

ನಾನು ಬಸ್ ನಿಲ್ದಾಣದ ಹತ್ತಿರದ ರೇಡಿಯೋ ಮಿಸ್ತ್ರಿಯನ್ನು ಕೇಳಿದೆ. ಅವರು ಸಾಬರು, ಮಾತಿನಲ್ಲಿ ಚುರುಕು, ಬೆಸುಗೆಯ ಹೊಗೆಯಲ್ಲಿ ಸದಾ ಒಂದು ಕಣ್ಣು ಮುಚ್ಚಿಕೊಂಡೇ ಇರುವವರು. ‘ಗ್ಯಾರಂಟಿ ತೀರ್ತು ಅಂತ ಮಾಲು ಸಾಯಲ್ರಿ ಸಾವ್ಕಾರ್ರ. ಕರೆಂಟು ಸಾಯಿಸ್ತೈತಿ,’ ಎಂದರು. ಹಾಗಾದರೆ ವರ್ಷದೊಳಗೆ ಏಕೆ ಸಾಯಿಸುವುದಿಲ್ಲ ಎಂದೆ. ಅವರು ನಕ್ಕರು. ‘ಸಾಯಿಸ್ತೈತಿ. ವರ್ಷದೊಳಗ ಸತ್ತದ್ದು ನೀವು ಹೊಸಪ್ಯಾಟಿಗೆ ಒಯ್ತೀರಿ, ವರ್ಷ ದಾಟಿದ್ದು ನನ್ನ ಕಡಿ ತರ್ತೀರಿ. ಊರು ನೋಡೋದು ನನ್ನ ಅಂಗಡೀನ.’ ಈ ಮಾತು ನನಗೆ ಬಹಳ ಹಿಡಿಸಿತು. ಅಣ್ಣನ ಸಿದ್ಧಾಂತದ ಅರ್ಧ ಅಲ್ಲಿಯೇ ಉದುರಿತು. ಆದರೆ ಅವರು ಕೂಡಲೇ ಹಲಗೆಯ ಮೇಲಿದ್ದ ಒಂದು ಸ್ಟೆಬಿಲೈಜರನ್ನು ತೋರಿಸಿ, ಒಯ್ಯಿರಿ, ಕರೆಂಟು ಏರಿದರೂ ಇಳಿದರೂ ಇದು ನೋಡಿಕೊಳ್ಳುತ್ತದೆ ಎಂದರು. ಮಾರುವವನೇ ರೋಗ ಹೇಳಿದರೆ ನಾನು ಇನ್ನೊಬ್ಬರನ್ನು ಕೇಳುವ ಜಾತಿಯವನು.

ಆ ಇನ್ನೊಬ್ಬಳು ಮನೆಯಲ್ಲಿಯೇ ಇದ್ದಳು. ರೇಡಿಯೋ ಏಕೆ ಕೆಡಲಿಲ್ಲವೆಂಬುದರಲ್ಲಿ ಅತ್ತೆಗೆ ಸಂಶಯವೇ ಇರಲಿಲ್ಲ. ನಮ್ಮ ಸೀಮೆಯಲ್ಲಿ ಸೋಮವಾರ ಯಾರೂ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ನೊಗ ಅಂದು ಗೋಡೆಗೆ ಒರಗಿರುತ್ತದೆ. ಎತ್ತು ಮಾರಿ ತಂದ ರೇಡಿಯೋವನ್ನು ಅತ್ತೆ ಮೊದಲ ವಾರದಿಂದಲೇ ಅದೇ ಕಟ್ಟಳೆಯಲ್ಲಿ ಇಟ್ಟಿದ್ದಳು. ಸೋಮವಾರ ಬೆಳಿಗ್ಗೆ ಪ್ಲಗ್ಗು ಕಿತ್ತು, ಪೆಟ್ಟಿಗೆಯ ಧೂಳು ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಮಂಗಳವಾರದವರೆಗೆ ಅದರ ತಂಟೆಗೆ ಹೋಗುತ್ತಿರಲಿಲ್ಲ. ಹಾಡಿದ ಮೇಲೆ ಅದರ ಬೆನ್ನ ಮೇಲೆ ಕೈಯಿಟ್ಟು ನೋಡುವಳು. ವಾಲ್ವಿನ ರೇಡಿಯೋ ಬಿಸಿಯಾಗದೆ ಇರುತ್ತದೆಯೇ? ‘ಮೈ ಸುಡಾಕ ಹತ್ತೈತಿ, ದಣದೈತಿ ಪಾಪ,’ ಎನ್ನುವಳು. ಮಾಳಿಗೆಯಿಂದ ಉದುರುವ ಮಣ್ಣು ಬೀಳದಿರಲೆಂದು ಅದಕ್ಕೆ ಹೊದಿಸಿದ್ದೂ ಹಬ್ಬದಲ್ಲಿ ಎತ್ತಿನ ಬೆನ್ನಿಗೆ ಹಾಕುವ ಜೂಲನ್ನೇ ಕತ್ತರಿಸಿ ಹೊಲಿದ ಹೊದಿಕೆ, ಕನ್ನಡಿ ಬಿಲ್ಲೆಗಳ ಸಮೇತ.

ಭಟ್ಟಿಯವರ ರೇಡಿಯೋ ಸೋಮವಾರವೂ ಹಾಡುತ್ತಿತ್ತು, ಕೆಟ್ಟಿತು. ನಮ್ಮದು ಹಾಡುತ್ತಿರಲಿಲ್ಲ, ಉಳಿಯಿತು. ಓಣಿಗೆ ಇಷ್ಟು ಸಾಕಾಯಿತು. ಭಟ್ಟಿಯವರು ದುರಸ್ತಿ ಮಾಡಿಸಿ ತಂದ ರೇಡಿಯೋಗೂ ಬಿಡುವು ಕೊಟ್ಟರು. ಒಬ್ಬರು ಇಸ್ತ್ರಿ ಪೆಟ್ಟಿಗೆಗೆ ಕೊಟ್ಟರು, ಒಬ್ಬರು ಫ್ಯಾನಿಗೆ ಕೊಟ್ಟು ಬೆವರುತ್ತ ಕುಳಿತರು. ಗಡಿಯಾರಕ್ಕೂ ಒಬ್ಬರು ಬಿಡುವು ಕೊಟ್ಟು ಮಂಗಳವಾರ ಹೊಲಕ್ಕೆ ತಡವಾಗಿ ಹೋದರೆಂದು ಹೇಳುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲವಾದ್ದರಿಂದ ಒಪ್ಪುವುದಿಲ್ಲ.

ನನ್ನ ತಕರಾರು ಇಷ್ಟೇ. ಎತ್ತು ದಣಿಯುತ್ತದೆ, ಮಲಗಿದರೆ ದಣಿವು ಆರುತ್ತದೆ; ತಂತಿಗೆ ಆ ಗುಣ ಎಲ್ಲಿಂದ ಬಂತು? ಭಟ್ಟಿಯವರ ರೇಡಿಯೋ ಕೆಡಲು ಬೇರೆ ಕಾರಣಗಳೂ ಇರಬಹುದಲ್ಲ: ಭಟ್ಟಿಯ ಹೊಗೆ, ಬಿಸಿ, ಮಂಡಕ್ಕಿಯ ಆಸೆಗೆ ಬರುವ ಇಲಿ. ಎರಡು ರೇಡಿಯೋಗಳಿಂದ ಒಂದು ನಿಯಮ ಮಾಡುವುದು ಎರಡು ಮಳೆ ನೋಡಿ ಪಂಚಾಂಗ ಬರೆದಂತೆ. ಆದರೂ ಬೇರೆ ದಿನ ಹಾಡಿದ ರೇಡಿಯೋ ಉಳಿಯಿತೆಂಬುದು ನಿಜ. ಹಾಗಾದರೆ ಸೋಮವಾರ ಏನಿದೆ? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಸಕ್ಕರೆ ತೂಗುವಾಗಲೂ ಅದೇ, ಬೆಲ್ಲ ಒಡೆಯುವಾಗಲೂ ಅದೇ. ಮಿಸ್ತ್ರಿಯನ್ನು ಮತ್ತೆ ಕೇಳಿದರೆ, ಕರೆಂಟಿಗೆ ವಾರ ಗೊತ್ತಿಲ್ಲ ಎಂದು ಕೈ ಆಡಿಸಿಬಿಟ್ಟರು. ಇದನ್ನೂ ನಾನು ಪರೀಕ್ಷಿಸದೆ ಒಪ್ಪಲಾರದೆ ಹೋದೆ.

ನೇರವಾದ ಪರೀಕ್ಷೆ ಒಂದೇ ಇತ್ತು. ಅತ್ತೆಯ ಮುಂದೆ ಹೋಗಿ ಕುಳಿತೆ.

‘ಅತ್ತಿ, ಒಂದು ತಿಂಗಳು ಸೋಮಾರನೂ ಹಚ್ಚಿ ನೋಡೋಣ. ಏನೂ ಆಗಲಿಲ್ಲಂದ್ರ ಗೊತ್ತಾಗತೈತಿ.’

‘ಆತು ಅಂದ್ರ?’

‘ಅದೂ ಗೊತ್ತಾಗತೈತಿ.’

ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. ‘ನಿನಗ ಗೊತ್ತಾಗತೈತಪಾ. ನನಗ ಪಡಸಾಲಿ ಖಾಲಿ ಆಗತೈತಿ. ಅವರು ಬರೋದು ಅದರ ಸಲುವಾಗಿ, ನನ್ನ ಮಾರಿ ನೋಡಾಕಲ್ಲ. ಅದು ಅಟ್ಟಕ್ಕ ಹೋದ ದಿನ ನಾನೂ ಹೋದಂಗ.’

ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬತ್ತಿಯನ್ನು ಮತ್ತೆ ಕೈಗೆತ್ತಿಕೊಂಡು ಅವಳೇ, ‘ಬೇರೆ ಏನರ ಹಚ್ಚಿಕೊಂಡು ನೋಡು, ನನ್ನ ಎತ್ತಿನ ತಂಟಿಗೆ ಬರಬ್ಯಾಡ,’ ಎಂದಳು.

ಹಾಗೆ ನಾನು ಹಚ್ಚಿದ್ದು ದೀಪ. ರೇಡಿಯೋದ ಪಕ್ಕದ ತೊಲೆಯಿಂದ ಒಂದು ವಾಯರು ಇಳಿಬಿಟ್ಟು ನಲವತ್ತು ಕ್ಯಾಂಡಲ್ಲಿನ ಬಲ್ಬು ತೂಗುಹಾಕಿದೆ. ಬಲ್ಬಿಗೆ ಬಾಯಿಲ್ಲವಾದರೂ ಕರೆಂಟಿನ ಸುಖದುಃಖ ಅದರ ಮುಖದಲ್ಲಿ ಕಾಣುತ್ತದೆಂಬುದು ಯಾರೂ ಹೇಳಿಕೊಡದೆ ತಿಳಿಯುವ ಸಂಗತಿ. ಸೋಮವಾರ ಅಂಗಡಿಗೆ ರಜೆ. ಬೆಳಗಿನಿಂದ ಗೋಡೆಗೆ ಒರಗಿ ದೀಪ ನೋಡುತ್ತ ಕುಳಿತೆ. ಅಣ್ಣ ಸ್ನಾನಕ್ಕೆ ಹೋಗುವಾಗ ನೋಡಿದ, ಬರುವಾಗ ನೋಡಿದ. ಕೊನೆಗೆ ಅತ್ತಿಗೆಯ ಕಡೆ ತಿರುಗಿ, ‘ಹಗಲೊತ್ತು ದೀಪ ನೋಡಿಕೊಂತ ಕುಂತಾನ. ಇವನಿಗೂ ಗ್ಯಾರಂಟಿ ತೀರಿದಂಗ ಕಾಣತೈತಿ,’ ಎಂದ.

ಆದರೆ ನಾನು ಕಂಡದ್ದು ವ್ಯರ್ಥವಾಗಿರಲಿಲ್ಲ. ಬಿಸಿಲು ಏರುತ್ತಿದ್ದಂತೆ ದೀಪ ಮಂಕಾಯಿತು. ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣಕ್ಕೆ ಇಳಿದು, ಒಳಗಿನ ತಂತಿಯನ್ನು ಬರಿಗಣ್ಣಿನಿಂದ ನೋಡುವಂತಾಯಿತು. ಬಹಳ ಹೊತ್ತು ಹಾಗೆಯೇ ಇತ್ತು. ನಡು ಮಧ್ಯಾಹ್ನಕ್ಕೆ, ಯಾರೋ ಊದಿದಂತೆ, ಒಮ್ಮೆಗೇ ಬೆಳ್ಳಗೆ ಉರಿಯಿತು. ಕಣ್ಣು ಮುಚ್ಚಿಕೊಳ್ಳಬೇಕಾಯಿತು. ಆಮೇಲೆ ಮೆಲ್ಲಗೆ ಸ್ವಸ್ಥವಾಯಿತು. ಅದೇ ಜನಪದ ಗೀತೆಯ ಹೊತ್ತು. ಮಂಗಳವಾರ ಅಂಗಡಿಯಿಂದ ಆಗಾಗ ಒಳಗೆ ಬಂದು ನೋಡಿದೆ: ಸ್ವಲ್ಪ ಮಂಕು, ಅಷ್ಟೇ. ಬುಧವಾರವೂ ಹಾಗೆಯೇ. ಮುಂದಿನ ಸೋಮವಾರ ಮತ್ತೆ ಕೆಂಪು, ಮತ್ತೆ ಆ ಬಿಳಿಯ ಉರಿ. ಅದರ ಮುಂದಿನ ಸೋಮವಾರವೂ.

ಕರೆಂಟಿಗೆ ವಾರ ಗೊತ್ತಿತ್ತು! ನಾನು ಒಬ್ಬನೇ ಪಡಸಾಲೆಯಲ್ಲಿ ನಕ್ಕೆ. ನಿಜ ಹೇಳಬೇಕೆಂದರೆ ಒಬ್ಬನೇ ಇರಲಿಲ್ಲ. ರೇಡಿಯೋ ಇಲ್ಲದ ಸೋಮವಾರವೂ ಓಣಿಯ ನಾಲ್ಕಾರು ಹೆಂಗಸರು ಬಂದು ಕುಳಿತಿರುತ್ತಿದ್ದರು. ಅತ್ತೆ ಏನನ್ನೋ ಹೇಳುತ್ತಿದ್ದಳು, ಒಮ್ಮೊಮ್ಮೆ ಗುನುಗುತ್ತಿದ್ದಳು. ನನ್ನ ಕಣ್ಣು ದೀಪದ ಮೇಲಿತ್ತು.

ಮಿಸ್ತ್ರಿ ಹೇಳಿದ ರೋಗ ಸರಿ, ಅತ್ತೆ ಹೇಳಿದ ಪಥ್ಯವೂ ಸರಿ. ನಡುವಿನ ಕೊಂಡಿ ಮಾತ್ರ ಯಾರಲ್ಲಿಯೂ ಇರಲಿಲ್ಲ. ಸೋಮವಾರವೇ ಏಕೆ? ಶೇಂಗಾ ಮಿಲ್ಲಿರಬಹುದೇ ಎಂದು ಯೋಚಿಸಿದೆ. ಅದು ಎಲ್ಲ ದಿನವೂ ನಡೆಯುತ್ತಿತ್ತು. ಕರೆಂಟಿನ ಆಫೀಸಿನಲ್ಲಿ ಕೇಳಿದೆ. ಅವರು ನನ್ನನ್ನು ನೋಡಿದ ಬಗೆಯಿಂದಲೇ ಉತ್ತರ ತಿಳಿಯಿತು. ಕೊನೆಗೆ ಒಂದು ಸೋಮವಾರ ಬೆಳಿಗ್ಗೆ ದೀಪ ಕೆಂಪಾಗತೊಡಗಿದೊಡನೆ ಸೈಕಲ್ಲು ಹತ್ತಿ, ನಮ್ಮ ಬೀದಿಗೆ ಬರುವ ತಂತಿಯನ್ನೇ ಹಿಡಿದು ಹೊರಟೆ. ತಂತಿ ಊರು ಬಿಟ್ಟು ಕೂಡ್ಲಿಗಿಯ ರಸ್ತೆಗೆ ಬಿತ್ತು. ಅಲ್ಲಿಂದ ಬಾವಿ ಬಾವಿಗೆ ಕವಲೊಡೆಯಿತು.

ಅಲ್ಲಿ ಕಂಡದ್ದು ದಿನವೂ ಕಾಣುವಂಥದ್ದೇ, ಆದರೆ ನಾನು ಅದನ್ನು ಎಂದೂ ನೋಡಿರಲಿಲ್ಲ. ಬೇವಿನ ಮರಗಳ ಕೆಳಗೆ ಎತ್ತುಗಳು ಮಲಗಿದ್ದವು. ಹೊಲದಲ್ಲಿ ಒಂದು ನೇಗಿಲೂ ಇಲ್ಲ, ಒಂದು ಕುಂಟೆಯೂ ಇಲ್ಲ. ಬಾವಿಯ ಮೇಲಿನ ಮೋಟಾರುಗಳು ಮಾತ್ರ ಒಂದೂ ಬಿಡದೆ ಗುಂಯ್ ಎನ್ನುತ್ತಿದ್ದವು. ಮಡಿಯಿಂದ ಮಡಿಗೆ ನೀರು ತಿರುಗಿಸುತ್ತಿದ್ದ ಒಬ್ಬ ರೈತ ನಮ್ಮ ಅಂಗಡಿಯ ಗಿರಾಕಿ. ಇಂದೇ ಏಕೆ ಎಲ್ಲರೂ ನೀರು ಹಾಯಿಸುತ್ತಿದ್ದೀರಿ ಎಂದು ಕೇಳಿದೆ. ಅವನು ಸಲಿಕೆ ಊರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

‘ಸೋಮಾರ ಎತ್ತು ಹೂಡಂಗಿಲ್ರಿ. ಮತ್ತ ನಾವೇನು ಎತ್ತಿನ ಜೋಡಿ ಮೆಲುಕು ಹಾಕ್ಕೊಂತ ಕುಂದ್ರಬೇಕೇನ್ರಿ?’

ಉಳಿದ ದಿನ ಆಳುಗಳು ಎತ್ತಿನ ಗಳೆಯ ಹಿಂದೆ ಇರುತ್ತಾರೆ. ಮೋಟಾರು ಅಲ್ಲೊಂದು ಇಲ್ಲೊಂದು ನಡೆಯುತ್ತದೆ. ಸೋಮವಾರ ಎತ್ತಿಗೆ ಬಿಡುವು, ಮನುಷ್ಯನಿಗೆ ಇಲ್ಲ. ನೀರಿನ ಕೆಲಸಕ್ಕೆ ಎತ್ತು ಬೇಡ. ಆದ್ದರಿಂದ ಸೀಮೆಯ ಮೋಟಾರುಗಳೆಲ್ಲ ಅಂದೇ ಎದ್ದು ಕರೆಂಟನ್ನು ಹೀರಿಬಿಡುತ್ತವೆ. ನಮ್ಮ ದೀಪ ಕೆಂಪಾಗುತ್ತದೆ. ಇಷ್ಟು ತಿಳಿಯಿತು. ಆ ಬಿಳಿಯ ಉರಿ? ನಾನು ಬದುವಿನ ಮೇಲೆ ಕುಳಿತು ಕಾದೆ. ಹೊತ್ತು ನೆತ್ತಿಗೆ ಬಂದಾಗ ಅವನು ಹೋಗಿ ಮೋಟಾರು ಆರಿಸಿ ಕಾಲು ತೊಳೆದ. ಪಕ್ಕದ ಬಾವಿಯೂ ನಿಂತಿತು, ಅದರಾಚೆಯದೂ. ನೋಡುನೋಡುತ್ತ ಬಯಲೆಲ್ಲ ನಿಶ್ಶಬ್ದವಾಯಿತು. ಅವನನ್ನು ಕೇಳಬೇಕಾಗಿರಲಿಲ್ಲ, ನನಗೇ ಹೊಟ್ಟೆ ಚುರುಗುಟ್ಟುತ್ತಿತ್ತು. ಸೋಮವಾರ ಒಪ್ಪತ್ತು. ಬೆಳಿಗ್ಗೆ ಉಣ್ಣುವುದಿಲ್ಲ. ಬೇರೆ ದಿನ ಬುತ್ತಿ ಹೊಲಕ್ಕೇ ಬರುತ್ತದೆ, ಒಬ್ಬರು ಉಂಡರೆ ಒಬ್ಬರು ದುಡಿಯುತ್ತಾರೆ. ಸೋಮವಾರ ಎಲ್ಲರೂ ಒಂದೇ ಹೊತ್ತಿಗೆ ಮನೆಗೆ ಹೋಗಿ ಮಿಂದು ಎಡೆ ಹಿಡಿದು ಉಣ್ಣಬೇಕು. ಎಲ್ಲ ಮೋಟಾರುಗಳೂ ಒಟ್ಟಿಗೆ ಬಿಟ್ಟ ಕರೆಂಟು ಉಕ್ಕಿ ಬಂದು, ಆಗ ತಾನೇ ಜನಪದ ಗೀತೆಗೆಂದು ಹಚ್ಚಿದ ರೇಡಿಯೋಗಳ ಮೇಲೆ ಬೀಳುತ್ತಿತ್ತು.

ಬಿಸಿಲಲ್ಲಿ ಸೈಕಲ್ಲು ತುಳಿಯುತ್ತ ಮನೆಗೆ ಬಂದ ಆ ದಾರಿ ನನಗೆ ಇನ್ನೂ ನೆನಪಿದೆ. ಎತ್ತಿನ ಬಿಡುವೇ ರೇಡಿಯೋದ ಕಂಟಕ. ರೇಡಿಯೋಗೂ ಎತ್ತಿನ ಬಿಡುವನ್ನೇ ಕೊಟ್ಟದ್ದರಿಂದ ಅದು ಪಾರಾಗಿತ್ತು. ಇಂಥದ್ದನ್ನು ಯಾವ ಕಂಪನಿಯ ಕಾಗದದಲ್ಲಿ ಬರೆದಾರು? ಉಣ್ಣುವುದಕ್ಕೂ ಮೊದಲು ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾಳು ಆರಿಸುತ್ತಲೇ ಕೇಳಿದಳು.

‘ನಾ ಹೇಳಿದ್ದೂ ಅದನ್ನ,’ ಎಂದಳು.

‘ಅಲ್ಲ ಅತ್ತಿ, ಅದು ದಣಿದು ಕೆಡೋದಲ್ಲ. ಬಾವಿ ಮೋಟಾರಿನಿಂದ.’

‘ಸೋಮಾರ ಯಾಕ ನಿಂದ್ರತೀನಿ ಅಂತ ಎತ್ತಿಗೆ ಗೊತ್ತೇನು? ನಿಂದ್ರತೈತಿ, ಉಳಿತೈತಿ.’

ವಾದದಲ್ಲಿ ನಾನು ಗೆದ್ದೆನೆಂದು ಇಂದಿಗೂ ನಂಬಿದ್ದೇನೆ. ಆದರೆ ಅಂದು ಗೆದ್ದವರ ಹಾಗೆ ಕಂಡದ್ದು ಅವಳು. ನನ್ನದು ಅಷ್ಟಕ್ಕೇ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಹೊಲದ ಗೆಯ್ಮೆ ಇಲ್ಲ, ಎತ್ತಿಗೆ ಎಲ್ಲ ದಿನವೂ ಬಿಡುವೇ. ನನ್ನ ವಿವರಣೆ ಸರಿಯಿದ್ದರೆ ಆಗ ಸೋಮವಾರಕ್ಕೆ ಬೇರೆ ಬಣ್ಣವಿರಬಾರದು. ಕಾದು ನೋಡಿದೆ. ಇರಲಿಲ್ಲ. ಆ ದಿನ ಮಾತ್ರ ನನಗೆ ನನ್ನ ಮಾತಿನ ಮೇಲೆ ಪೂರ್ಣ ನಂಬಿಕೆ ಬಂತು.

ತಿಳಿದದ್ದನ್ನು ಬಳಕೆಗೂ ತಂದೆ. ಹಾಡುವಾಗ ಜೂಲು ತೆಗೆಯಬೇಕು, ಬೆನ್ನ ಹಲಗೆಯ ತೂತುಗಳಿಂದ ಬಿಸಿ ಹೊರಬೀಳಲಿ ಎಂದೆ. ಅತ್ತೆ ಒಪ್ಪಿದಳು, ಎತ್ತಿಗೂ ಹೂಡುವಾಗ ಜೂಲು ಹಾಕುವುದಿಲ್ಲವಲ್ಲ ಎಂದು. ದೀಪವನ್ನು ತೆಗೆಯದೆ ಕಾವಲಿಗೆ ಬಿಟ್ಟೆ: ಅದು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣಕ್ಕೆ ಇಳಿದರೆ ಯಾರಾದರೂ ಎದ್ದು ರೇಡಿಯೋ ಆರಿಸಬೇಕು, ಕರೆಂಟಿನ ಉಕ್ಕು ಬಂದು ಹೋದ ಮೇಲೆಯೇ ಮತ್ತೆ ಹಚ್ಚಬೇಕು. ಅತ್ತೆ ಹಾಡು ಕೇಳುತ್ತಲೇ ಒಂದು ಕಣ್ಣು ದೀಪದ ಮೇಲಿಟ್ಟಿರುತ್ತಿದ್ದಳು. ಸೋಮವಾರವೂ ಊಟದ ಹೊತ್ತು ದಾಟಿದ ಮೇಲೆ ಹಚ್ಚಬಹುದು, ಅಪಾಯವಿಲ್ಲ ಎಂದು ಹೇಳಿ ನೋಡಿದೆ. ಇದನ್ನು ಮಾತ್ರ ಒಪ್ಪಲಿಲ್ಲ. ‘ಸೋಮಾರ ಸೋಮಾರನ ಇರ್ಲಿ ಬಿಡು,’ ಎಂದಳು. ಕಾರಣ ತಿಳಿದ ಮೇಲೂ ಕಟ್ಟಳೆ ಬಿಡದ ಅವಳ ಹಟ ನನಗೆ ಅರ್ಥವಾಗಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಭಟ್ಟಿಯವರು ಹೊಸ ಟ್ರಾನ್ಸಿಸ್ಟರು ತಂದರು. ಹೊಲಗಳಲ್ಲಿ ಮೋಟಾರುಗಳು ಹೆಚ್ಚಿದವು. ಬಾವಿಗಳಿಗೆ ಪಾಳಿಯ ಮೇಲೆ ಕರೆಂಟು ಬಿಡತೊಡಗಿದರು. ಪಾಳಿ ಬಂದ ಕ್ಷಣಕ್ಕೆ ಎಲ್ಲರೂ ಹಚ್ಚುವುದು, ಹೋದ ಕ್ಷಣಕ್ಕೆ ಎಲ್ಲವೂ ನಿಲ್ಲುವುದು. ದೀಪಕ್ಕೆ ವಾರದ ಲೆಕ್ಕ ತಪ್ಪಿತು. ನಾನು ಶ್ರಮಪಟ್ಟು ಕಂಡುಹಿಡಿದ ಸೋಮವಾರ ಉಳಿದ ವಾರಗಳಂತೆಯೇ ಒಂದು ವಾರವಾಯಿತು. ಇದನ್ನು ನಮ್ಮ ನೆಂಟರ ಕಥೆ ಹೇಳುವುದಿಲ್ಲ.

ಅದು ಹೇಳದ ಇನ್ನೊಂದೂ ಇದೆ. ಒಂದು ಬುಧವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿ ಎಣ್ಣೆ ಅಳೆಯುತ್ತಿದ್ದಾಗ ಒಳಗಿನಿಂದ ಪಟ್ ಎಂದು ಸದ್ದು, ಹಿಂದೆಯೇ ಹೆಂಗಸರ ಕೂಗು ಕೇಳಿತು. ದೀಪ ಕೆಂಪಾಗಿ ಎಚ್ಚರಿಸಲೇ ಇಲ್ಲವಂತೆ. ನೆಟ್ಟಗೆ ಬೆಳ್ಳಗೆ ಉರಿದು ಒಡೆಯಿತು. ನಾನು ಓಡಿ ಹೋಗುವಷ್ಟರಲ್ಲಿ ರೇಡಿಯೋದ ಹಸಿರು ಕಣ್ಣು ಆರಿ, ಬೆನ್ನಿನಿಂದ ಸುಟ್ಟ ಅರಗಿನ ವಾಸನೆ ಏಳುತ್ತಿತ್ತು. ಅತ್ತೆ ಏಳಲು ಹೋಗಿ ಅರ್ಧದಲ್ಲಿ ಕಂಬ ಹಿಡಿದು ನಿಂತಿದ್ದಳು. ಮಿಸ್ತ್ರಿ ಬಂದು ಹಲಗೆ ಬಿಚ್ಚಿ ನೋಡಿ, ಒಳಗಿನ ಟ್ರಾನ್ಸ್‌ಫಾರ್ಮರು ಹೋಗಿದೆ, ದಾವಣಗೆರೆಗೆ ಒಯ್ದು ಹೊಸ ತಂತಿ ಸುತ್ತಿಸಬೇಕು, ಸುತ್ತಿಸಿದರೂ ಭರವಸೆ ಕೊಡಲಾರೆ ಎಂದರು. ಸ್ಟೆಬಿಲೈಜರಿನ ಮಾತನ್ನು ಅವರು ಎತ್ತಲಿಲ್ಲ. ಅದಕ್ಕಾಗಿ ನಾನು ಅವರಿಗೆ ಕೃತಜ್ಞ. ಅಣ್ಣ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ. ಹೇಳಬೇಕಾದ್ದನ್ನು ವರ್ಷಗಳ ಹಿಂದೆಯೇ ಹೇಳಿಬಿಟ್ಟಿದ್ದನಲ್ಲ. ಸುತ್ತಿಸೋಣವೆಂದು ನಾನೇ ಬಾಯಿ ತೆರೆದೆ, ಅತ್ತೆ ತಡೆದಳು. ದುಡಿದೈತಿ, ಇನ್ನ ಸಾಕು, ಎಂದಳು. ಅಂದು ರಾತ್ರಿಯೂ ಮರುದಿನ ಬೆಳಿಗ್ಗೆಯೂ ಅವಳು ರೊಟ್ಟಿ ಮುರಿದು ಹಾಗೆಯೇ ಬಿಟ್ಟಳೆಂದು ಅತ್ತಿಗೆ ಹೇಳಿದಳು.

ಮರುದಿನ ಗುರುವಾರ. ಮಧ್ಯಾಹ್ನ ನಾನು ಅಂಗಡಿ ಬಿಟ್ಟು ಒಳಗೆ ಹೋದೆ, ಒಡೆದ ಬಲ್ಬಿನ ವಾಯರು ಬಿಚ್ಚುವ ನೆವ ಮಾಡಿಕೊಂಡು. ಅತ್ತೆ ಕಂಬಕ್ಕೆ ಒರಗಿದ್ದಳು, ಮುಂದೆ ಹೆಂಗಸರು ಕೂರುವಲ್ಲಿ ಬರಿಯ ನೆಲ. ನಾನು ಸ್ಟೂಲು ಹತ್ತಿ ತೊಲೆಗೆ ಕೈಹಾಕಿದೆ. ಜನಪದ ಗೀತೆಯ ಹೊತ್ತಾಯಿತು. ಆ ಹೊತ್ತೂ ದಾಟುತ್ತಿದೆ ಎನ್ನುವಾಗ ಹಿತ್ತಲ ಬಾಗಿಲು ಸರಿಯಿತು. ಭಟ್ಟಿಯವರ ಮನೆಯವರು ಮೊರ ಹಿಡಿದು ಬಂದರು, ಅವರ ಹಿಂದೆ ಇನ್ನಿಬ್ಬರು. ಅವರ ಮನೆಯಲ್ಲಿ ಹಾಡುವ ಟ್ರಾನ್ಸಿಸ್ಟರು ಇತ್ತೆಂಬುದನ್ನು ಇಲ್ಲಿ ನೆನಪಿಡಬೇಕು. ಎಂದಿನ ಜಾಗದಲ್ಲಿ ಕುಳಿತರು. ಜೂಲು ಹೊದ್ದ ಪೆಟ್ಟಿಗೆಯ ಕಡೆ ಎಲ್ಲರೂ ಒಮ್ಮೆ ನೋಡಿದರು.

‘ಕೆಟ್ಟೈತವ್ವಾ,’ ಎಂದಳು ಅತ್ತೆ. ‘ಇನ್ನ ಹಾಡಂಗಿಲ್ಲ.’

‘ಗೊತ್ತೈತಿ ಬಿಡ್ರಿ ಅಮ್ಮಾರ,’ ಎಂದರು ಭಟ್ಟಿಯವರ ಮನೆಯವರು, ಜೋಳ ಕೇರಲು ತೊಡಗುತ್ತ. ‘ಇವತ್ತು ಸೋಮಾರ ಅಂತ ತಿಳ್ಕೊಂಡ್ರಾತು. ಹೋದ ಸೋಮಾರ ಬೀಗಿತಿ ಪದ ಅರ್ಧಕ್ಕ ಬಿಟ್ಟಿದ್ರಿ.’

ಅತ್ತೆ ಮೇಲೆ, ನನ್ನ ಕಡೆಗೆ ನೋಡಿದಳು. ಸೋಮವಾರ ಸೋಮವಾರವಾಗಿಯೇ ಇರಲಿ ಎಂದದ್ದು ಎತ್ತಿಗಾಗಿಯೋ, ಬಸವಣ್ಣನಿಗಾಗಿಯೋ, ಇದಕ್ಕಾಗಿಯೋ ಎಂದು ಆ ಕ್ಷಣವೇ ಕೇಳಬೇಕೆನಿಸಿತು. ಕೇಳಿದ್ದರೂ ಹೇಳುತ್ತಿರಲಿಲ್ಲ. ‘ಲೇ, ಆ ವಾಯರು ಬಿಚ್ಚಿ ಕೆಳಗಿಳಿ, ಮಣ್ಣು ಉದುರತೈತಿ,’ ಎಂದಳಷ್ಟೇ. ಗಂಟಲು ಸರಿಪಡಿಸಿಕೊಂಡು ನಡುವಿನ ನುಡಿಯಿಂದ ಎತ್ತಿಕೊಂಡಳು.

ವಾಯರು ಆಗಲೇ ಕೈಗೆ ಬಂದಿತ್ತು. ಪದ ಮುಗಿಯುವವರೆಗೆ ನಾನು ಸ್ಟೂಲಿನಿಂದ ಇಳಿಯಲಿಲ್ಲ. ಅಣ್ಣ ಅಂಗಡಿಯಿಂದ ನನ್ನನ್ನು ಎರಡು ಸಲ ಕೂಗಿ, ಮೂರನೆಯ ಸಲ ತಾನೇ ಬಾಗಿಲವರೆಗೆ ಬಂದ, ಕೇಳುತ್ತ ನಿಂತ. ರೇಡಿಯೋವನ್ನು ಅಟ್ಟಕ್ಕೆ ಹಾಕಿಸುವ ಮಾತನ್ನು ಅವನು ಆ ವಾರ ಎತ್ತಲಿಲ್ಲ, ಆಮೇಲೆಯೂ ಎತ್ತಲಿಲ್ಲ. ಅದು ಜೂಲು ಹೊದ್ದು ಪಡಸಾಲೆಯಲ್ಲಿಯೇ ಇತ್ತು. ಸೋಮವಾರ ಬೆಳಿಗ್ಗೆ ಅತ್ತೆ ಅದರ ಧೂಳು ಒರೆಸುತ್ತಿದ್ದಳು.